ಸ್ಪಂಜಿನ ಅಟ್ಟೆ

ರೈಲು ಗೌರಿಬಿದನೂರಿನ ಸಿಗ್ನಲ್ಲಿನ ಕೈಕಂಬ ದಾಟುವ ಮೊದಲೇ ಎದುರು ಬೆಂಚಿನ ಕೋಟಿನವನು ಮೂಗಿನ ತುದಿಯನ್ನು ಎರಡು ಸಲ ಉಜ್ಜಿಕೊಂಡದ್ದನ್ನು ವರದರಾಜ ನೋಡಿದ. ಎಂಜಿನ್ನಿನ ಹೊಗೆಗೆ ಉಜ್ಜಿಕೊಂಡಿರಬಹುದು, ನೆಗಡಿಯಿರಬಹುದು. ಆದರೂ ಅವನ ಕೈ ತಾನಾಗಿಯೇ ಪಕ್ಕದಲ್ಲಿ ಕೂತಿದ್ದ ಅಕ್ಕ ಜಾನಕಮ್ಮನ ಸೀರೆಯ ಅಂಚನ್ನು ಕೆಳಕ್ಕೆಳೆದು ಅವಳ ಬಲಗಾಲನ್ನು ಮುಚ್ಚಿತು. ಆ ಕಾಲಿಗೆ ಬೆಳಿಗ್ಗೆ ತನ್ನದೇ ಹಳೆಯ ಪಂಚೆ ಹರಿದು ನಾಲ್ಕು ಸುತ್ತು ಸುತ್ತಿದ್ದ. ಜಟಕಾದಲ್ಲಿ ಸ್ಟೇಷನ್ನಿಗೆ ಬರುವಷ್ಟರಲ್ಲಿ ಎರಡನೆಯ ಸುತ್ತಿನವರೆಗೆ ಒದ್ದೆಯಾಗಿತ್ತು. ಔಷಧಿಯ ನೀರಿನ ವಾಸನೆಯ ಕೆಳಗೆ ಇನ್ನೊಂದು ವಾಸನೆಯಿತ್ತು. ಅದು ಡಬ್ಬಿಯಲ್ಲೆಲ್ಲ ಹರಡಿದೆಯೋ, ಶನಿವಾರ ಸಂಜೆಯಿಂದ ತನ್ನ ಮೂಗಿನಲ್ಲೇ ಕೂತುಬಿಟ್ಟಿದೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಜಾನಕಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹನ್ನೊಂದು ವರ್ಷಗಳಿಂದ ಇದೇ ರೈಲಿನಲ್ಲಿ ತೊಂಡೇಬಾವಿಗೆ ಹೋಗಿ, ಅಲ್ಲಿನ ಪ್ರೈಮರಿ ಸ್ಕೂಲಿನಲ್ಲಿ ಮೂರನೇ ಕ್ಲಾಸಿಗೆ ಪಾಠ ಹೇಳಿ, ಸಂಜೆಯ ರೈಲಿಗೆ ಮರಳುತ್ತಿದ್ದವಳು. ಇವತ್ತು ತೊಂಡೇಬಾವಿಯಲ್ಲಿ ಇಳಿಯುವುದಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿಂದ ಮದರಾಸಿನ ದಾರಿಯ ಆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೋದರೆ ಪಾದ ಉಳಿಯುತ್ತದೆಯೆಂದು ಯಾರೂ ಹೇಳಿರಲಿಲ್ಲ. ಊರಿನ ಡಾಕ್ಟರು ನಿನ್ನೆ ಗಾಯದೊಳಗೆ ಸಲಾಕೆ ತೂರಿಸಿ, ಅದರ ತುದಿಗೆ ಮೂಳೆ ತಾಕಿದ ಸದ್ದನ್ನು ಅವನಿಗೂ ಕೇಳಿಸಿ, "ಬೇಗ ಹೋಗಿ" ಎಂದಿದ್ದರು. ಸಲಾಕೆ ಒಳಗಿದ್ದಾಗಲೂ ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರಿನ ಚಿತ್ರ ನೋಡುತ್ತಿದ್ದಳು.

"ಏಮೈಂದಪ್ಪಾ, ಅಮ್ಮನವರ ಕಾಲಿಗೆ?" ಎಂದ ಕೋಟಿನವನು. ಹಿಂದೂಪುರದ ಕಡೆಯ ವ್ಯಾಪಾರಿಯಿರಬೇಕು, ಕನ್ನಡಕ್ಕೆ ತೆಲುಗಿನ ರಾಗವಿತ್ತು. ಪಕ್ಕದಲ್ಲಿ ಹೆಂಡತಿ ಎಲೆಯಡಿಕೆ ಮೆಲ್ಲುತ್ತಿದ್ದಳು.

"ಸಕ್ಕರೆ ಕಾಯಿಲೆ" ಎಂದ ವರದರಾಜ. ಪ್ರಶ್ನೆ ಮುಗಿಯುವುದಕ್ಕೇ ಕಾದಿದ್ದವನಂತೆ ಉತ್ತರ ಬಂದುಬಿಟ್ಟಿತ್ತು.

"ಓ, ಷುಗರಾ! ನಮ್ಮ ಬಾವಂಗೂ ಅದೇನಪ್ಪಾ. ಹಾಗಲಕಾಯಿ ರಸ ಕೊಡಿ. ಖಾಲಿ ಹೊಟ್ಟೇಲಿ ಕೊಡಬೇಕು, ನೋಡಿ, ಅದು ಮುಖ್ಯ."

"ಬೀಜ ತೆಗೀಬೇಕಾ?" ಎಂದು ಕೇಳಿದ ವರದರಾಜ. ಕೇಳಿದ ಮೇಲೆ ತನ್ನ ದನಿಯಲ್ಲಿದ್ದ ಆಸಕ್ತಿಗೆ ಅವನ ಕಿವಿ ಬಿಸಿಯಾಯಿತು. ಕೋಟಿನವನು ಬೀಜ ತೆಗೆಯುವ ವಿಧಾನವನ್ನು ಕೈಸನ್ನೆಯಲ್ಲಿ ತೋರಿಸುತ್ತಿದ್ದ. ಇವನು ಹೂಂ ಹೂಂ ಎನ್ನುತ್ತಿದ್ದ. ಅಕ್ಕ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಅವನು ಸುಳ್ಳು ಹೇಳಿದಾಗಲೆಲ್ಲ ಅವಳು ಹೀಗೆಯೇ ಬೇರೆ ಕಡೆ ನೋಡುತ್ತ ಕೂರುತ್ತಿದ್ದಳು. ಇಪ್ಪತ್ತೊಂದಕ್ಕೆ ಗಂಡನನ್ನು ಕಳೆದುಕೊಂಡು ಬಂದವಳು, ಟ್ರೈನಿಂಗು ಮುಗಿಸಿ, ಕೆಲಸ ಹಿಡಿದು, ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಓದಿಸಿ ತಾಲ್ಲೂಕು ಕಚೇರಿಯ ಗುಮಾಸ್ತನನ್ನಾಗಿ ಮಾಡಿದವಳು. ಬೈಯುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇರಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಐದು ವರ್ಷಗಳ ಹಿಂದೆ, ಒಲೆಯಿಂದ ಉರುಳಿದ ಕೆಂಡದ ಮೇಲೆ ಹಿಮ್ಮಡಿಯೂರಿ ನಿಂತು ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸುಟ್ಟ ವಾಸನೆ ಒಗ್ಗರಣೆಯದಲ್ಲವೆಂದು ಮೊದಲು ತಿಳಿದದ್ದು ವರದರಾಜನಿಗೆ. ಹೆಂಡತಿ ವೆಂಕಟರತ್ನಮ್ಮ ಕಿರುಚಿಕೊಂಡಳು. ಅಕ್ಕ ಕಾಲೆತ್ತಿ ನೋಡಿ, ಯಾರದೋ ಕಾಲನ್ನು ನೋಡುವವಳಂತೆ, "ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲವಲ್ಲೇ" ಎಂದಿದ್ದಳು. ಆಮೇಲೆ ಆ ಆಸ್ಪತ್ರೆ, ಮೂರು ವರ್ಷ ಬಿಳಿ ಮಾತ್ರೆ, ಕೊನೆಗೆ ಕಾಯಿಲೆ ವಾಸಿಯಾಗಿದೆ, ಇವರಿಂದ ಇನ್ನು ಯಾರಿಗೂ ಅಂಟುವುದಿಲ್ಲ ಎಂಬ ಕಾಗದ. ಆ ಕಾಗದವನ್ನು ಯಾರಿಗೆ ತೋರಿಸಬಹುದಿತ್ತು? ತೋರಿಸಬೇಕಾದರೆ ಕಾಯಿಲೆಯ ಹೆಸರು ಹೇಳಬೇಕಿತ್ತು. ವಾಸಿಯಾಗದೆ ಉಳಿದದ್ದು ಪಾದಗಳ ಮರಗಟ್ಟುವಿಕೆಯೊಂದೇ. ಅದು ಹೋಗುವುದಿಲ್ಲ ಎಂದಿದ್ದರು ಅಲ್ಲಿನ ತಮಿಳು ಡಾಕ್ಟರಮ್ಮ. ವರದರಾಜನನ್ನು ಪಕ್ಕಕ್ಕೆ ಕರೆದು, ಮುರುಕು ಕನ್ನಡದಲ್ಲಿ, "ದಿನಾ ಸಾಯಂಕಾಲ ಪಾದ ನೋಡಬೇಕು. ಅವರ ಕಣ್ಣಿಗೆ ಅಷ್ಟು ಕಾಣೋದಿಲ್ಲ, ನೀವು ನೋಡಿ. ಅವರಿಗೆ ನೋವು ಬರೋದಿಲ್ಲ. ನೀವೇ ಅವರ ನೋವು, ತಿಳೀತಾ?" ಎಂದಿದ್ದರು. ತಿಳಿಯಿತು ಎಂದಿದ್ದ.

ಆಸ್ಪತ್ರೆಯ ಹಿಂಭಾಗದ ಷೆಡ್ಡಿನಲ್ಲಿ ಚಪ್ಪಲಿ ಮಾಡುತ್ತಿದ್ದವನು ಹಿಂದೆ ಅಲ್ಲೇ ರೋಗಿಯಾಗಿದ್ದವನು. ಬೆರಳುಗಳು ಮೊದಲ ಗೆಣ್ಣಿಗೇ ನಿಂತುಬಿಟ್ಟಿದ್ದವು. ಬೆರಳು ದಪ್ಪದ ಕಪ್ಪು ರಬ್ಬರಿನ ಹಾಳೆಯೊಂದನ್ನು ವರದರಾಜನ ಮುಂದೆ ಹಿಡಿದು, ಒತ್ತಿ ನೋಡಲು ಹೇಳಿದ. ಆ ರಬ್ಬರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಗುಳ್ಳೆಗಳಿವೆಯಂತೆ, ಒಂದೊಂದೂ ಬಾಯಿ ಮುಚ್ಚಿಕೊಂಡಿರುತ್ತದಂತೆ, ಅದಕ್ಕೇ ಗಾಳಿ ಓಡಿಹೋಗುವುದಿಲ್ಲವಂತೆ. "ಅರ್ಧಕ್ಕೆ ಇಳೀಬೇಕು, ಅಲ್ಲೇ ನಿಲ್ಲಬೇಕು. ಪೂರಾ ಇಳಿದರೆ ಅದು ಸುಳ್ಳು ಮೆತ್ತಗೆ" ಎಂದ. ವರದರಾಜ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದ. ಅರ್ಧಕ್ಕೆ ಇಳಿಯಿತು, ನಿಂತಿತು. ಆ ರಬ್ಬರಿನ ಕೆಳಗೆ ಲಾರಿಯ ಟೈರಿನ ತುಂಡು, ಮೇಲೆ ಎರಡು ಅಗಲ ಪಟ್ಟಿ, ಹಿಮ್ಮಡಿಗೊಂದು ಪಟ್ಟಿ. ಎಲ್ಲೂ ಮೊಳೆಯಿಲ್ಲ. ಜಾನಕಮ್ಮ ಅದನ್ನು ಹಾಕಿಕೊಂಡು ಷೆಡ್ಡಿನಲ್ಲೇ ನಾಲ್ಕು ಹೆಜ್ಜೆ ನಡೆದು, "ಹೆಂಗಿದೆ ಅಂತ ನನ್ನನ್ನ ಕೇಳಬೇಡಿ, ನೋಡೋಕೆ ಎಮ್ಮೆ ಕರು ಥರ ಇದೆ" ಎಂದು ನಕ್ಕಿದ್ದಳು. ಚಪ್ಪಲಿ ಮಾಡುವವನೂ ನಕ್ಕಿದ್ದ. ವರದರಾಜನಿಗೆ ನಗು ಬಂದಿರಲಿಲ್ಲ.

ಮನೆಯ ಮುಂಭಾಗದಲ್ಲಿ ಓನರು ಅಮ್ಮಾಜಮ್ಮ ಇದ್ದರು. ಆ ಚಪ್ಪಲಿ ಅವರ ಕಣ್ಣಿಗೆ ಬಿದ್ದದ್ದು ಮೊದಲ ವಾರದಲ್ಲೇ. "ಏನಮ್ಮಾ ಟೀಚರಮ್ಮ, ಇಷ್ಟು ಮೆತ್ತಗಿರೋ ಚಪ್ಪಲಿ ಎಲ್ಲಿ ತಗೊಂಡ್ರಿ? ನಂಗೂ ಮಂಡಿ ನೋವು. ಒಂದು ಜೊತೆ ತರಿಸಿಕೊಡಿ ಅಂತೀನಿ" ಎಂದು ಬಗ್ಗಿ, ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿಯೂ ನೋಡಿದರು. ನನ್ನ ತಮ್ಮ ಬೆಂಗಳೂರಿನಿಂದ ತಂದದ್ದು ಎಂದಿದ್ದಳು ಅಕ್ಕ. ಅಂದಿನಿಂದ ಅಮ್ಮಾಜಮ್ಮ ವರದರಾಜ ಕಂಡಾಗಲೆಲ್ಲ ನೆನಪಿಸುತ್ತಿದ್ದರು. ಬೆಂಗಳೂರಿಗೆ ಯಾವಾಗಪ್ಪ ಹೋಗೋದು? ನನ್ನ ಕಾಲಿನ ಅಳತೆ ತಗೊಂಡ್ಯೇನಪ್ಪ? ಒಂದು ದಿನ ಕಾಗದದ ಮೇಲೆ ಪಾದವಿಟ್ಟು ಸೀಸದ ಕಡ್ಡಿಯಲ್ಲಿ ಗೀಟೆಳೆದು ಅವನ ಕೈಗೇ ಕೊಟ್ಟರು. ಆ ಕಾಗದ ಕಚೇರಿಯ ಡ್ರಾಯರಿನಲ್ಲಿ ಬಹಳ ದಿನ ಇತ್ತು. ಹರಿದು ಹಾಕಲು ಯಾಕೋ ಧೈರ್ಯ ಬಂದಿರಲಿಲ್ಲ.

ಆಮೇಲೆ ಜನವರಿಯಲ್ಲಿ, ತೊಂಡೇಬಾವಿಯ ಪ್ಲಾಟ್‌ಫಾರಮ್ಮಿನಲ್ಲಿ ಆ ಭಿಕ್ಷುಕ. ಕಚೇರಿಯ ಕೆಲಸದ ಮೇಲೆ ವರದರಾಜ ಅಂದು ಅಕ್ಕನ ಜೊತೆಯಲ್ಲೇ ಬಂದಿದ್ದ. ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದ ಮುದುಕನ ಮೂಗು ಕುಸಿದಿತ್ತು. ಕಾಲಲ್ಲಿ ಅದೇ ಕಪ್ಪು ಅಟ್ಟೆ, ಅದೇ ಎರಡು ಪಟ್ಟಿ, ಹಿಮ್ಮಡಿಗೆ ಅದೇ ಪಟ್ಟಿ. ಹಿಂದಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಜೊತೆಯವಳಿಗೆ, "ದೊಡ್ಡ ರೋಗದೋರ ಚಪ್ಪಲಿ ಕಣೇ ಅದು. ಆಸ್ಪತ್ರೇಲಿ ಕೊಡ್ತಾರೆ, ದೂರದಿಂದ್ಲೇ ಗೊತ್ತಾಗ್ಲಿ ಅಂತ" ಎಂದಳು. ವರದರಾಜ ಅಕ್ಕನ ಕಾಲು ನೋಡಿದ, ಅಕ್ಕನೂ ನೋಡಿಕೊಂಡಳು. ಅವಳು ಸೀರೆಯನ್ನು ಒಂದಿಷ್ಟು ಇಳಿಸಿಕೊಂಡು, ಹೆಜ್ಜೆ ಬದಲಿಸದೆ ಸ್ಕೂಲಿನ ದಾರಿ ಹಿಡಿದಳು. ಅವನು ಹತ್ತು ಮಾರು ಹಿಂದೆ ಉಳಿದ. ಬೂಟಿನ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದ, ದಾರ ಬಿಚ್ಚಿರಲಿಲ್ಲ. ಅದನ್ನು ಅವಳು ಕಂಡಳೋ ಇಲ್ಲವೋ ಎಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ಅದಾದ ಮುಂದಿನ ವಾರವೇ ಫೈಲುಗಳನ್ನು ಹೊತ್ತು ಚಿಕ್ಕಬಳ್ಳಾಪುರಕ್ಕೆ ಹೋದಾಗ, ಬಸ್‌ಸ್ಟ್ಯಾಂಡಿನ ಹತ್ತಿರ ಕಾರಿನ ಸೀಟು ಹೊಲಿಯುವ ಅಂಗಡಿಯೊಂದರಲ್ಲಿ ಹಳದಿ ಬಣ್ಣದ ಸ್ಪಂಜು ಕಂಡದ್ದು. ಇಡಿಯಾಗಿ ತೂತು ತೂತು, ದೋಸೆಯ ಹಾಗೆ. ಒತ್ತಿದರೆ ಬೆರಳಿಗೆ ಬೆರಳು ತಾಗುವಷ್ಟು ಮೆತ್ತಗಿತ್ತು, ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತಿತ್ತು. ಆಸ್ಪತ್ರೆಯ ರಬ್ಬರಿಗಿಂತ ಇದು ಎಷ್ಟೋ ಮೇಲು ಎಂದು ಅವನಿಗೆ ಅನ್ನಿಸಿತು. ಅನ್ನಿಸಿತೋ, ಅನ್ನಿಸಬೇಕೆಂದು ಬಯಸಿದನೋ. ಒಂದು ತುಂಡು ಕತ್ತರಿಸಿಕೊಂಡು, ಎರಡು ಬೀದಿಯಾಚೆ ಕೂರುತ್ತಿದ್ದ ಚಮ್ಮಾರ ಗಂಗುಲಪ್ಪನ ಬಳಿ ಹೋದ. ಸಾಧಾರಣ ತೊಗಲಿನ ಹೆಂಗಸರ ಚಪ್ಪಲಿ ಮಾಡಬೇಕು, ಎಲ್ಲರೂ ಹಾಕಿಕೊಳ್ಳುವಂಥದ್ದು. ಒಳಗೆ ಈ ಸ್ಪಂಜು ಇಟ್ಟು ಮೇಲೆ ತೆಳು ತೊಗಲು ಹೊಲಿಯಬೇಕು. ಮೊಳೆ ಮಾತ್ರ ಬೇಡ. ಮೊಳೆ ಬೇಡವೆಂಬುದನ್ನು ಮರೆಯದೆ ಹೇಳಿದ್ದಕ್ಕೆ ಒಳಗೊಳಗೇ ಸಮಾಧಾನಪಟ್ಟಿದ್ದ.

ಗಂಗುಲಪ್ಪ ಸ್ಪಂಜನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಒತ್ತಿದ. "ಇದು ಕೂತ್ಕೊಳ್ಳೋಕೆ ಮಾಡಿರೋದು ಸ್ವಾಮಿ, ನಿಂತ್ಕೊಳ್ಳೋಕಲ್ಲ. ಮೈ ಭಾರ ಎಲ್ಲಾ ಬಿದ್ರೆ ಎಂಟು ದಿನಕ್ಕೆ ರೊಟ್ಟಿ ಆಗೋಗ್ತದೆ."

"ಪರವಾಗಿಲ್ಲ, ಹಾಕಪ್ಪ."

"ಕಪ್ಪು ರಬ್ಬರು ಅಂತ ಬರ್ತದೆ, ಗಟ್ಟಿ ಮೆತ್ತಗೆ. ಅದು ಸಿಕ್ರೆ ತನ್ನಿ."

ಅದು ಮನೆಯಲ್ಲೇ ಇತ್ತು. ಹಳೆಯ ಚಪ್ಪಲಿಯ ಅಟ್ಟೆಯನ್ನೇ ಕಿತ್ತು ತಂದು ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಅದನ್ನು ಕಂಡ ಕೂಡಲೇ ಗಂಗುಲಪ್ಪನಿಗೆ ಗೊತ್ತಾಗಿಬಿಡುತ್ತದೆ. "ಅದೆಲ್ಲ ಸಿಕ್ಕೋದಿಲ್ಲ" ಎಂದ ವರದರಾಜ.

"ಸರಿ ಬಿಡಿ. ಹಾಕ್ಕೊಳ್ಳೋರಿಗೆ ಗೊತ್ತಾಗ್ತದಲ್ಲ, ಮೆತ್ತಗೆ ಹೋಯ್ತು ಅಂತ. ಅವಾಗ ತನ್ನಿ, ಬೇರೆ ಹಾಕಿ ಕೊಡ್ತೀನಿ" ಎಂದು ಗಂಗುಲಪ್ಪ ಉಳಿಯನ್ನು ಕೈಗೆತ್ತಿಕೊಂಡ.

ಹಾಕಿಕೊಳ್ಳುವವರಿಗೆ ಗೊತ್ತಾಗುವುದಿಲ್ಲ ಎಂದು ಹೇಳಬೇಕಿತ್ತು. ಎರಡೇ ಮಾತು. ಗಂಗುಲಪ್ಪ ಯಾಕೆ ಎಂದು ಕೇಳುತ್ತಿದ್ದ. ಕೇಳದಿದ್ದರೂ ಉಳಿ ಹಿಡಿದ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆ ನಿಲ್ಲುವುದನ್ನು ನೋಡಲಾರದೆ ವರದರಾಜ ಬೀದಿಯ ಕಡೆ ತಿರುಗಿ, ಬೊಂಬಿನ ಗಾಡಿಯೊಂದು ಹೋಗುತ್ತಿದ್ದುದನ್ನು ಮೂಲೆ ತಿರುಗುವವರೆಗೆ ನೋಡುತ್ತ ನಿಂತ. ಆ ಗಾಡಿಯ ಎತ್ತುಗಳ ಬಣ್ಣ ಕೂಡ ಈಗ ನೆನಪಿದೆ.

ಹೊಸ ಚಪ್ಪಲಿಯಲ್ಲಿ ಅಕ್ಕ ಎಲ್ಲ ಟೀಚರಮ್ಮಂದಿರ ಹಾಗೆಯೇ ಕಂಡಳು. ಅಮ್ಮಾಜಮ್ಮ, "ಆ ಮೆತ್ತಗಿನವು ಸವೆದವಾ?" ಎಂದು ಕೇಳಿ ಸುಮ್ಮನಾದರು. ಮನೆಯಲ್ಲಿ ಯಾರೋ ಕಿಟಕಿ ತೆಗೆದಂತಾಯಿತು. ಮೊದಮೊದಲು ವರದರಾಜ ಸಂಜೆ ಸಂಜೆ ಅವಳ ಪಾದವನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ದೀಪ ಹಿಡಿದು ನೋಡುತ್ತಿದ್ದ. ಹೆಬ್ಬೆರಳ ಬುಡದಲ್ಲಿ ಚರ್ಮ ಸ್ವಲ್ಪ ಕೆಂಪಾಗಿತ್ತು. ನಾಳೆ ನೋಡೋಣ ಎಂದುಕೊಂಡ. ಮಾರನೆಯ ದಿನ ಕಚೇರಿಯಲ್ಲಿ ಜಮಾಬಂದಿಯ ಕೆಲಸ ಬಂತು. ಅದರ ಮಾರನೆಯ ದಿನ ಅಕ್ಕನೇ "ಬಿಡೋ, ದಣಿದಿದ್ದೀಯ" ಎಂದಳು. ಒಂದು ವಾರವಾದ ಮೇಲೆ, ನೋಡಿದರೆ ಏನು ಕಾಣಬಹುದೋ ಎಂಬ ಹೆದರಿಕೆಗೇ ನೋಡಲಿಲ್ಲ. ಹೀಗೆ ಎಷ್ಟು ದಿನ ಹೋದವೆಂದು ಲೆಕ್ಕ ಹಾಕಲು ಹೋದಾಗಲೆಲ್ಲ ಅವನ ಮನಸ್ಸು ಬೇರೆಲ್ಲಿಗೋ ಜಾರುತ್ತಿತ್ತು. ಶನಿವಾರ ಸಂಜೆ ವೆಂಕಟರತ್ನಮ್ಮ ಅಡಿಗೆಮನೆಯಿಂದ ಬಂದು, "ನಿಮ್ಮಕ್ಕ ಓಡಾಡಿದ ಕಡೆಯೆಲ್ಲಾ ಇರುವೆ ಮುತ್ತುತ್ತಾ ಇದೆ ಕಣ್ರೀ" ಎಂದಳು. ನೆಲದ ಮೇಲೆ, ಬಾಗಿಲಿನಿಂದ ಬಚ್ಚಲಿನವರೆಗೆ, ಒಂದೇ ಕಾಲಿನ ಅಳತೆಗೆ ಅಲ್ಲಲ್ಲಿ ಕಪ್ಪಗೆ ಇರುವೆಗಳು ಗುಂಪಾಗಿದ್ದವು. ಅವನು ಚಪ್ಪಲಿಯನ್ನು ಕೈಗೆತ್ತಿಕೊಂಡು ಒಳಗೆ ಬೆರಳಿಟ್ಟು ಒತ್ತಿದ. ತೊಗಲಿನ ಕೆಳಗೆ ಏನೂ ಇರಲಿಲ್ಲ. ಸ್ಪಂಜು ಬಟ್ಟೆಯಷ್ಟು ತೆಳ್ಳಗಾಗಿ, ಒದ್ದೆಯಾಗಿ, ಅಟ್ಟೆಗೆ ಅಂಟಿಕೊಂಡಿತ್ತು.

ರೈಲು ನಿಧಾನವಾಯಿತು. ತೊಂಡೇಬಾವಿ. ಹೆಡ್‌ಮಾಸ್ಟರು ವೆಂಕಟರಾಮಪ್ಪನವರಿಗೆ ರೈಲಿನ ಹತ್ತಿರ ಬರಬೇಕೆಂದು ನಿನ್ನೆಯೇ ಹೇಳಿ ಕಳಿಸಿದ್ದಳು ಅಕ್ಕ. ರುಮಾಲು ಸುತ್ತಿ, ಛತ್ರಿ ಹಿಡಿದು ಅವರು ಡಬ್ಬಿಯಿಂದ ಡಬ್ಬಿಗೆ ಇಣುಕುತ್ತ ಬರುತ್ತಿದ್ದರು. ವರದರಾಜ ಜೇಬಿನಿಂದ ರಜೆಯ ಅರ್ಜಿ ತೆಗೆದ. ಬರೆದವನು ಅವನೇ: ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿರುವುದರಿಂದ ಒಂದು ತಿಂಗಳ ರಜೆ ದಯಪಾಲಿಸಬೇಕು. ಅಕ್ಕ ಓದಿ ಸಹಿ ಹಾಕಿದ್ದಳು.

"ಏನಮ್ಮಾ ಜಾನಕಮ್ಮ, ಮುಳ್ಳಂತೆ?" ವೆಂಕಟರಾಮಪ್ಪನವರು ಕಿಟಕಿಯ ಸರಳು ಹಿಡಿದುಕೊಂಡು, ಅರ್ಜಿಯ ಮೇಲೆ ಕಣ್ಣಾಡಿಸಿದರು. "ಇನ್‌ಸ್ಪೆಕ್ಟ್ರು ಬರೋ ಹೊತ್ತಿಗೆ ಬಂದ್ಬಿಡ್ತೀರಲ್ಲ? ನಿಮ್ಮ ಕ್ಲಾಸು ನಾನೇ ನೋಡ್ಕೋತೀನಿ. ಒತ್ತಕ್ಷರ ಎಲ್ಲೀವರೆಗೆ ಬಂದಿದೆ?"

"ಬರೋದಕ್ಕಾಗಲ್ಲ ಮೇಷ್ಟ್ರೇ" ಎಂದಳು ಜಾನಕಮ್ಮ. "ಮುಳ್ಳಲ್ಲ ಅದು."

"ಅಕ್ಕಾ" ಎಂದ ವರದರಾಜ.

"ನನಗೆ ಕುಷ್ಠ ಇತ್ತು." ಹಿಂದಿನ ಸಾಲಿನ ಮಕ್ಕಳಿಗೂ ಕೇಳಿಸುವ ಹಾಗೆ ಅಕ್ಷರ ಬಿಡಿಸಿ ಹೇಳುವ ದನಿಯಲ್ಲೇ ಅವಳು ಹೇಳಿದಳು. "ವಾಸಿಯಾಗಿ ಎರಡು ವರ್ಷ ಆಯ್ತು. ಕಾಲಿನ ಸ್ಪರ್ಶ ಬರಲಿಲ್ಲ, ಗಾಯ ಗೊತ್ತಾಗ್ಲಿಲ್ಲ. ಈಗ ಪಾದ ತೆಗೀಬೇಕಾಗ್ತದೋ ಏನೋ. ಇವತ್ತಲ್ಲ ನಾಳೆ ಊರಿಗೆ ಗೊತ್ತಾಗ್ತದೆ. ಆಗ ಮಕ್ಕಳ ಮನೆಯೋರು ಹೆದರ್ತಾರೆ. ಯಾರಿಗೂ ಅಂಟೋದಿಲ್ಲ ಅಂತ ಡಾಕ್ಟ್ರ ಕಾಗದ ಇದೆ ಮೇಷ್ಟ್ರೇ. ನೀವೇ ಅವರಿಗೆ ಹೇಳಬೇಕು. ನೀವು ಹೇಳಿದ್ರೆ ಕೇಳ್ತಾರೆ."

ವೆಂಕಟರಾಮಪ್ಪನವರ ಕೈ ಸರಳನ್ನು ಬಿಟ್ಟಿತ್ತು. ಅವರು ಕೆಟ್ಟವರಲ್ಲ; ಅವರ ಮುಖದಲ್ಲಿ ಏನೋ ಹೇಳಬೇಕೆಂಬ ಒದ್ದಾಟ ಕಾಣುತ್ತಿತ್ತು. ಅರ್ಜಿಯನ್ನು ಈಗ ತುದಿಯಲ್ಲಿ ಮಾತ್ರ, ಎರಡು ಉಗುರಿನ ನಡುವೆ ಹಿಡಿದಿದ್ದರು. ಜಾನಕಮ್ಮ ಚೀಲದಿಂದ ತೆಗೆದು ಚಾಚಿದ ಡಾಕ್ಟರ ಕಾಗದವನ್ನು ತೆಗೆದುಕೊಳ್ಳಲಿಲ್ಲ. "ಇರಲಿ, ನಿಮ್ಮ ಹತ್ರಾನೇ ಇರಲಿ ಅಮ್ಮಾ. ನಾನು ಮೇಲಕ್ಕೆ ಬರೀತೀನಿ. ದೇವರಿದ್ದಾನೆ" ಎಂದರು. ಮತ್ತೆ, "ಇಷ್ಟು ವರ್ಷ ಹೇಳಲೇ ಇಲ್ಲವಲ್ಲಮ್ಮಾ" ಎಂದರು. ಗಾರ್ಡಿನ ಸೀಟಿ ಕೇಳಿತು. ಪ್ಲಾಟ್‌ಫಾರಮ್ಮು ಹಿಂದಕ್ಕೆ ಸರಿಯತೊಡಗಿದಾಗ ಅವರು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ಸರಳು ಹಿಡಿದಿದ್ದ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ಕೋಟಿನವನ ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡು ಮೊದಲು ಎದ್ದಳು. ಕೋಟಿನವನು ಮೇಲಿನಿಂದ ಟ್ರಂಕು ಇಳಿಸಿಕೊಂಡ. ಹೋಗುವಾಗ ವರದರಾಜನ ಮುಖ ನೋಡಿ, "ಷುಗರಂದ್ರಿ" ಎಂದಷ್ಟೇ ಹೇಳಿದ. ಕಡಲೆಕಾಯಿ ಮೂಟೆಯ ಮೇಲೆ ಕೂತಿದ್ದ ಇಬ್ಬರು ಮೂಟೆಯನ್ನು ಎಳೆದುಕೊಂಡು ಬಾಗಿಲ ಹತ್ತಿರ ಹೋದರು. ಒಂದು ನಿಮಿಷದಲ್ಲಿ ಎರಡು ಬೆಂಚುಗಳೂ ಖಾಲಿಯಾದವು. ವರದರಾಜನಿಗೆ ತಲೆಯೆತ್ತಲಾಗಲಿಲ್ಲ. ಕಾಲ ಕೆಳಗೆ ವೀಳ್ಯದೆಲೆಯ ತೊಟ್ಟೊಂದು ರೈಲಿನ ಅಲುಗಾಟಕ್ಕೆ ಮುಂದಕ್ಕೂ ಹಿಂದಕ್ಕೂ ಉರುಳುತ್ತಿತ್ತು. ಈಗಲಾದರೂ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವನಿಗೆ ಅನ್ನಿಸಿತು.

"ಅಕ್ಕಾ, ಆ ಚಪ್ಪಲಿ ಹೊಲಿಯೋನು ಹೇಳಿದ್ದ. ಎಂಟು ದಿನಕ್ಕೆ ಚಪ್ಪಟೆ ಆಗ್ತದೆ ಅಂತ ಬಾಯಿ ಬಿಟ್ಟು ಹೇಳಿದ್ದ. ನಿನಗೆ ಗೊತ್ತಾಗಲ್ಲ ಅನ್ನೋದನ್ನ ನಾನು ಅವನಿಗೆ ಹೇಳಲಿಲ್ಲ. ಬೇಕು ಅಂತಲೇ ಹೇಳಲಿಲ್ಲ."

ಜಾನಕಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮಾಕಳಿ ಬೆಟ್ಟ ಬಿಸಿಲಿನಲ್ಲಿ ಹತ್ತಿರವಾಗುತ್ತಿತ್ತು. "ಚಪ್ಪಟೆ ಆಗಿದ್ದು ನಂಗೆ ಗೊತ್ತಿತ್ತು ಕಣೋ" ಎಂದಳು. "ಕಾಲಿಗೆ ಗೊತ್ತಾಗದಿದ್ರೆ ಕೈಗೆ ಗೊತ್ತಾಗಲ್ವಾ? ಎರಡನೇ ವಾರದಲ್ಲೇ ಒತ್ತಿ ನೋಡಿದ್ದೆ. ಆದ್ರೆ ಸ್ಟೇಷನ್ನಲ್ಲಿ ಯಾರೂ ನನ್ನ ಕಾಲು ನೋಡ್ತಿರಲಿಲ್ಲವಲ್ಲೋ. ನಾಳೆ ಹಳೇದು ಹಾಕ್ಕೊಂಡ್ರಾಯ್ತು, ಇವತ್ತೊಂದು ದಿನ ಇರಲಿ ಅಂತ... ಹಾಗೇ ಹೋಯ್ತು."

ವರದರಾಜ ಅವಳ ಮುಖ ನೋಡಿದ. ನಿಜ ಹೇಳುತ್ತಿದ್ದಾಳೋ, ತನಗಾಗಿ ಈಗ ಕಟ್ಟಿ ಹೇಳುತ್ತಿದ್ದಾಳೋ ತಿಳಿಯುವ ಯಾವ ಗುರುತೂ ಆ ಮುಖದಲ್ಲಿರಲಿಲ್ಲ. ನಿಜವಾದರೆ ಮೂರು ದಿನದಿಂದ ತಾನು ಹೊತ್ತು ತಿರುಗುತ್ತಿದ್ದುದರಲ್ಲಿ ಅರ್ಧ ಅವಳದು. ಅರ್ಧ ಕಡಿಮೆಯಾದದ್ದಕ್ಕೆ ಹಗುರವಾಗಬೇಕಿತ್ತು. ಆಗಲಿಲ್ಲ. ಸುಳ್ಳಾದರೆ, ಮೂವತ್ತು ವರ್ಷಗಳಲ್ಲಿ ಅವಳು ತನಗೆ ಹೇಳಿದ ಮೊದಲ ಸುಳ್ಳು ಇದು.

"ಜಾಗ ಆಯ್ತಲ್ಲ, ಕಾಲು ನೀಡ್ಕೋತೀನಿ" ಎಂದಳು ಅವಳು. ಕಿಟಕಿಗೆ ಬೆನ್ನು ಕೊಟ್ಟು, ಎರಡು ಕೈಯಿಂದಲೂ ಮಂಡಿಯನ್ನು ಎತ್ತಿ ಬಲಗಾಲನ್ನು ಬೆಂಚಿನ ಮೇಲಿಟ್ಟಳು. ವರದರಾಜ ಆ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಪಂಚೆಯ ಸುತ್ತುಗಳಾಚೆಗೂ ಅದರ ಬಿಸಿ ತಿಳಿಯುತ್ತಿತ್ತು, ಜ್ವರ ಬಂದ ಮಗುವಿನ ಹಣೆಯಂತೆ. ಒದ್ದೆ ಅವನ ಬಟ್ಟೆಗೆ ಇಳಿಯತೊಡಗಿತು. ರೈಲು ಏರಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿತ್ತು, ಡಬ್ಬಿಯ ಪ್ರತಿ ಕುಲುಕಿಗೂ ಅವನು ಪಾದ ಅಲುಗದಂತೆ ಎರಡು ಅಂಗೈಗಳಿಂದ ಬಿಗಿಯಾಗಿ ಹಿಡಿದ. ಹಿಡಿದದ್ದು ಹೆಚ್ಚಾಯಿತೋ ಕಡಿಮೆಯಾಯಿತೋ, ನೋವಾಯಿತೋ ಎಂದು ಅವಳನ್ನು ಕೇಳುವ ಹಾಗಿರಲಿಲ್ಲ.

ಜಾನಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣು ತೆರೆಯದೆಯೇ, "ಹಿಡ್ಕೊಂಡಿದ್ದೀಯೇನೋ?" ಎಂದು ಕೇಳಿದಳು.

"ಹೂಂ" ಎಂದ ವರದರಾಜ.